ಒಂದೇ ಒಂದು ಫ್ಲ್ಯಾಶ್

ಮಾರ್ಚ್ 3, ಮಂಗಳವಾರ

ಪಾಸ್‌ಪೋರ್ಟ್ ಫೋಟೊಗೆ ಬೆಳಿಗ್ಗೆಯೇ ಒಂದು ಇಡೀ ಸಂಸಾರ ಬಂದಿತ್ತು. ನಗಬಾರದು ಎಂದು ಒಬ್ಬೊಬ್ಬರಿಗೂ ಹೇಳಿದೆ. ಕೊನೆಗೆ ಅಜ್ಜಿಗೆ ನಗು ತಡೆಯಲಾಗಲಿಲ್ಲ, ಮತ್ತೆ ಮತ್ತೆ ತೆಗೆಯಬೇಕಾಯಿತು. ಅವರು ಹೋದ ಮೇಲೆ ಸ್ಟುಡಿಯೊ ಬಿಕೋ ಎಂದಿತು. ನಿನ್ನೆ ಉಳಿದದ್ದನ್ನೇ ಬಿಸಿ ಮಾಡಿ ತಿಂದೆ.

ಸಂಜೆ ನಾಟಕ ತಂಡದ ಡೈರೆಕ್ಟರಮ್ಮನ ಫೋನ್. ಮಕ್ಕಳ ನಾಟಕ. ಹದಿಮೂರಕ್ಕೆ ಮೊದಲ ಶೋ, ಫೋಟೊ ತೆಗೆಯಬೇಕಂತೆ. ತಕ್ಷಣ ಒಪ್ಪಿದೆ. ಅದರಲ್ಲಿ ಚೋಟು ಇದ್ದಾಳೆ. ನನ್ನ ಮಗಳು ಅಂತ ಆಯಮ್ಮನಿಗೆ ಗೊತ್ತಿಲ್ಲ. ಹೇಳಲು ಹೋಗಲಿಲ್ಲ... ಹೇಳಿದರೆ ಮುಂದಿನ ಪ್ರಶ್ನೆ ಅವಳಮ್ಮನ ಬಗ್ಗೆ ಬರುತ್ತದೆ.

ಮಾರ್ಚ್ 5, ಗುರುವಾರ

ಹಾಲ್ ನೋಡಿಕೊಂಡು ಬಂದೆ. ಮಕ್ಕಳೆಲ್ಲ ಸ್ಕೂಲಿಗೆ ಹೋಗಿದ್ದರು. ಡೈರೆಕ್ಟರಮ್ಮ ಕೊನೆಯ ಸೀನ್ ವಿವರಿಸಿದರು. ಲೈಟ್‌ಹೌಸ್ ಕಾಯುವವನ ಮಗಳು ಎತ್ತರದ ಏಣಿಯಿಂದ ಲಾಟೀನು ಹಿಡಿದು ಇಳಿಯುತ್ತಾಳೆ. ಬೇರೆ ಯಾವ ದೀಪವೂ ಇಲ್ಲ. ಆ ಮಗಳು — ಚೋಟು.

“ಇಲ್ಲಿ ಮಾತ್ರ ಫ್ಲ್ಯಾಶ್ ಬೇಡ ಸಾರ್. ಏಣಿ ಮೇಲೆ ಮಗು ಇರತ್ತೆ. ಕಣ್ಣು ಕೋರೈಸಿದ್ರೆ ಕಾಲು ಜಾರತ್ತೆ.”

“ನಾನು ಯಾವ ನಾಟಕಕ್ಕೂ ಫ್ಲ್ಯಾಶ್ ಹಾಕಿದವನಲ್ಲ, ಮೇಡಂ” ಎಂದೆ. ಸ್ವಲ್ಪ ಜಂಬದಿಂದಲೇ. ಕತ್ತಲಲ್ಲಿ ಫೋಟೊ ತೆಗೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಮನುಷ್ಯರ ಜೊತೆ ಬಾಳುವುದೇ ಬರಲಿಲ್ಲ.

ಮಾರ್ಚ್ 7, ಶನಿವಾರ

ಚೋಟು ನನ್ನ ಜೊತೆ ಇರುವ ದಿನ. ಪಾರ್ಕಿನ ಬೆಂಚು. ಐಸ್‌ಕ್ರೀಂ ಮೊಣಕೈತನಕ ಇಳಿದಿತ್ತು, ನೆಕ್ಕಿಕೊಂಡಳು. ಬೈಯಲಿಲ್ಲ. ಬೈಯುವುದಕ್ಕೆಲ್ಲ ಟೈಮ್ ಎಲ್ಲಿದೆ.

“ಅಪ್ಪ, ನಾಟಕಕ್ಕೆ ಬರ್ತೀಯಾ?”

“ಬರ್ದೆ ಇರ್ತೀನಾ? ಫೋಟೊ ತೆಗಿಯೋನೇ ನಾನು. ಎಡಗಡೆ ಕಂಬದ ಪಕ್ಕ ನಿಂತಿರ್ತೀನಿ.”

“ಸ್ಕೂಲ್ ಡೇಗೂ ಹೀಗೇ ಅಂದಿದ್ದೆ.”

“ಬಂದಿದ್ದೆ ಕಣೇ. ಫೋಟೊ ತೋರಿಸಿದ್ನಲ್ಲ.”

“ಫೋಟೊ ನೋಡಿದೆ. ನಿನ್ನ ನೋಡ್ಲಿಲ್ಲ.”

ಶೋ ಮುಗಿದ ಮೇಲೆ ಗ್ರೀನ್ ರೂಮಿಗೆ ಹೋಗಬಹುದು. ಅಲ್ಲಿ ಅವಳಮ್ಮ, ಅಮ್ಮನ ಅಣ್ಣಂದಿರು, ಅತ್ತಿಗೆಯರು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಅದಕ್ಕೇ ಹೋಗುವುದಿಲ್ಲ. ಇದನ್ನೆಲ್ಲ ಚೋಟುಗೆ ಹೇಗೆ ಹೇಳಲಿ?

“ಒಂದೇ ಒಂದು ಫ್ಲ್ಯಾಶ್ ಹಾಕು ಅಪ್ಪ. ನಾನು ಇಳೀವಾಗ. ಆಗ ನೀನು ಅಲ್ಲಿದೀಯ ಅಂತ ಗೊತ್ತಾಗತ್ತೆ.”

“ಬೇರೆ ಸೀನಲ್ಲಿ ಹಾಕ್ಲಾ?”

“ಬೇರೆ ಸೀನಲ್ಲಿ ನಾನೇ ಇಲ್ಲ.”

ನೋಡೋಣ ಎಂದೆ. ದೊಡ್ಡವರ ‘ನೋಡೋಣ’ದ ಅರ್ಥ ಅವಳಿಗೆ ಚೆನ್ನಾಗಿ ಗೊತ್ತು. ಕೈ ಒರೆಸಿಕೊಂಡು ಎದ್ದಳು.

ಮಾರ್ಚ್ 9, ಸೋಮವಾರ. ಸಂಜೆ 7

ಪರೀಕ್ಷೆ ಮಾಡಿದೆ. ಕಿಟಕಿಗೆಲ್ಲ ಕಪ್ಪು ಬಟ್ಟೆ. ಹತ್ತು ನಿಮಿಷ ಕತ್ತಲಲ್ಲಿ ಕೂತು, ಫ್ಲ್ಯಾಶನ್ನು ನನ್ನ ಮುಖಕ್ಕೇ ಹಿಡಿದು ಒತ್ತಿದೆ. ಆಮೇಲೆ ನಡೆಯಲು ಹೋದೆ. ಕಣ್ಣ ಮುಂದೆ ಹಸಿರು ಗುಂಡು. ಟೇಬಲ್ಲಿಗೆ ಮೊಣಕಾಲು ಬಡಿದು ಪ್ರಾಣ ಹೋದಂತಾಯಿತು. ಪವರ್ ಇಳಿಸಿ, ಕರ್ಚೀಫು ಸುತ್ತಿ ಮತ್ತೆ ನೋಡಿದೆ. ಗುಂಡು ಸಣ್ಣದಾಯಿತು, ಹೋಗಲಿಲ್ಲ. ಸಮನೆಲದ ಮೇಲೇ ಹೀಗೆ. ಅವಳು ಏಣಿಯ ಮೇಲೆ, ಒಂದು ಕೈಯಲ್ಲಿ ಲಾಟೀನು.

ಹಾಕಬಾರದು. ಇದರಲ್ಲಿ ಯೋಚಿಸುವುದೇನಿದೆ.

ಆದರೂ ಯೋಚಿಸುತ್ತಲೇ ಇದ್ದೇನೆ. ನನ್ನನ್ನು ನೋಡಬೇಕು ಎಂದು ಈ ಊರಿನಲ್ಲಿ ಕೇಳುವವಳು ಅವಳೊಬ್ಬಳೇ. ಫೋನ್ ಮಾಡಿ ‘ಆಗಲ್ಲ ಕಂದ’ ಎಂದು ಹೇಳಿಬಿಡಬೇಕು. ಫೋನ್ ಎತ್ತುವವಳು ಅವಳಮ್ಮ. ನಾಳೆ ಮಾಡುತ್ತೇನೆ.

ಮಾರ್ಚ್ 14, ಶನಿವಾರ. ಬೆಳಿಗ್ಗೆ

ಫೋನ್ ಮಾಡಲಿಲ್ಲ.

ನಿನ್ನೆ ಶೋ. ಎಂದಿನಂತೆ ಕಪ್ಪು ಶರ್ಟು, ಕಪ್ಪು ಪ್ಯಾಂಟು. ಕ್ಯಾಮೆರಾದ ಪುಟ್ಟ ಕೆಂಪು ದೀಪಕ್ಕೆ ಟೇಪು. ಶಟರ್ ಸದ್ದಿಲ್ಲದ್ದು. ನೋಡುವವರಿಗೆ ತೊಂದರೆಯಾಗಬಾರದು — ಇಷ್ಟು ವರ್ಷ ಕಲಿತ ವಿದ್ಯೆ ಇದೇ, ಇದ್ದೂ ಇಲ್ಲದಂತಿರುವುದು. ಫ್ಲ್ಯಾಶ್ ಮಾತ್ರ ಸಿಕ್ಕಿಸಿಕೊಂಡಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಕೊನೆಯ ಸೀನ್. ಕತ್ತಲು. ಮೇಲೆ ಲಾಟೀನು, ಅದರ ಹಿಂದೆ ಪುಟ್ಟ ಮುಖ. ಅರ್ಧ ಏಣಿ ಇಳಿದು ನಿಂತಳು. ನಾಟಕದಲ್ಲಿ ಅಲ್ಲಿ ನಿಲ್ಲುವುದಿಲ್ಲ. ಕಂಬದ ಕಡೆ ತಿರುಗಿದಳು. ಕಾಯುತ್ತಿದ್ದಳು...

ಬೆರಳು ಫ್ಲ್ಯಾಶಿನ ಸ್ವಿಚ್ಚಿನ ಮೇಲಿತ್ತು. ಬರೀ ಬೆರಳೊಂದರ ಕೆಲಸ. ಆಮೇಲೆ ಅವಳ ಕಾಲು ಕಂಡಿತು. ಸಣ್ಣ ಪಾದ, ತೆಳುವಾದ ಮೆಟ್ಟಿಲು. ಆನ್ ಮಾಡಲಿಲ್ಲ. ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು, ಇದ್ದ ಬೆಳಕಿನಲ್ಲೇ ಒಂದು ತೆಗೆದೆ. ಅವಳು ಇಳಿದಳು. ಒಂದು ಮೆಟ್ಟಿಲೂ ತಪ್ಪಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು.

ಮಾರ್ಚ್ 14, ಸಂಜೆ

ಡೈರೆಕ್ಟರಮ್ಮನಿಗೆ ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿದರು. “ಆಹಾ, ಎಂಥ ಫೋಟೊ ಸಾರ್. ಹುಡುಗಿ ನಿಮ್ಮನ್ನೇ ನೋಡ್ತಿದಾಳೆ.”

ಹೌದು. ಕಣ್ಣು ನೇರ ಲೆನ್ಸಿಗಿದೆ. ರೆಪ್ಪೆಗೂದಲೂ ಎಣಿಸಬಹುದು, ಅಷ್ಟು ಶಾರ್ಪ್. ಆ ಕಣ್ಣಿಗೆ ಕಂಡದ್ದು ಬರೀ ಕತ್ತಲು ಎಂದು ನನಗೊಬ್ಬನಿಗೇ ಗೊತ್ತು.

ಆರು ಗಂಟೆಗೆ ಅವಳದೇ ಫೋನ್.

“ನೀನು ಬರ್ಲಿಲ್ಲ.”

“ಬಂದಿದ್ದೆ ಚೋಟು. ಕಂಬದ ಪಕ್ಕಾನೇ.”

“ನಾನು ನೋಡ್ದೆ. ಅಲ್ಲಿ ಯಾರೂ ಇರ್ಲಿಲ್ಲ.”

ಫ್ಲ್ಯಾಶ್ ಹಾಕಿದ್ದರೆ ನೀನು ಬೀಳುತ್ತಿದ್ದೆ ಎಂದೆ. ಟೇಬಲ್, ಮೊಣಕಾಲು, ಹಸಿರು ಗುಂಡು, ಎಲ್ಲ ಹೇಳಿದೆ. ಕೇಳಿಸಿಕೊಂಡಳು. ಫೋಟೊ ಕಳಿಸಿದೆ.

“ಚೆನ್ನಾಗಿದೆ” ಅಂದಳು. ಆಮೇಲೆ, “ಫೋಟೊ ಯಾರ್ ಬೇಕಾದ್ರೂ ತೆಗೀಬಹುದಲ್ವಾ ಅಪ್ಪ.”

ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ಮಾರ್ಚ್ 19, ಗುರುವಾರ

ಏನೂ ಬರೆಯಲು ಮನಸ್ಸಿಲ್ಲ. ಪಾಸ್‌ಪೋರ್ಟ್ ಫೋಟೊ ಇಬ್ಬರಿಗೆ.

ಭಾನುವಾರ ಕೊನೆಯ ಶೋ. ನನಗೆ ಕೆಲಸವಿಲ್ಲ. ಶುಕ್ರವಾರದ ಫೋಟೊಗಳನ್ನು ಮತ್ತೆ ತೆರೆದೆ, ಈ ಸಲ ಅವಳನ್ನು ಬಿಟ್ಟು ಬೇರೆಯದನ್ನು ನೋಡಿದೆ. ಅವಳು ನೆಲಕ್ಕಿಳಿದ ಮೇಲೆ ತೆಗೆದದ್ದರಲ್ಲಿ ಲಾಟೀನಿನ ಬೆಳಕು ಮುಂದಿನ ಸಾಲಿನವರೆಗೂ ಹರಡಿದೆ. ಅಲ್ಲಿ ಕೂತವರ ಮುಖ ಗುರುತು ಸಿಗುತ್ತದೆ. ಒಬ್ಬಳು ಅವಳಮ್ಮನ ಅತ್ತಿಗೆ.

ಅದೇ ಸಾಲಿಗೆ ಒಂದು ಟಿಕೆಟ್ ತೆಗೆದುಕೊಂಡೆ.

ಮಾರ್ಚ್ 22, ಭಾನುವಾರ. ಸಂಜೆ 4

ಹಾಲಿನ ಹೊರಗೆ ಬೆಂಚಿನ ಮೇಲೆ. ಬಿಳಿ ಶರ್ಟು ಹಾಕಿದ್ದೇನೆ. ಕ್ಯಾಮೆರಾ ತಂದಿಲ್ಲ. ಕೈ ಎಲ್ಲಿಡುವುದೋ ತಿಳಿಯುತ್ತಿಲ್ಲ. ಅವಳಮ್ಮ ಎದುರಿಗೇ ಬಂದಳು. ನಿಂತಳು.

“ಕ್ಯಾಮೆರಾ ಎಲ್ಲಿ?”

“ಮನೇಲಿ.”

“ಹುಷಾರಾಗಿದೀರಾ?” ಎಂದು ಕೇಳಿದಳು. ಅನುಮಾನದಿಂದಲೇ. ಒಳಗೆ ಹೋದಳು.

ಅದೇ ದಿನ, 6.30. ಬಸ್ ಸ್ಟಾಪ್

ಅವಳಮ್ಮನ ಅಣ್ಣಂದಿರು, ಅತ್ತಿಗೆಯರು ಎಲ್ಲ ಅದೇ ಮುಂದಿನ ಸಾಲಿನಲ್ಲಿದ್ದರು. ಕಾಲು ಸರಿಸಿ ದಾರಿ ಬಿಟ್ಟರು. ಯಾರೂ ಮಾತಾಡಲಿಲ್ಲ. ಕೂತೆ.

ಏಣಿಯ ಮೇಲೆ ಈ ಸಲ ನಿಲ್ಲಲಿಲ್ಲ ಅವಳು. ಕಂಬದ ಕಡೆ ತಿರುಗಲೂ ಇಲ್ಲ. ಆಸೆ ಬಿಟ್ಟವರ ಹಾಗೆ ಸೀದಾ ಇಳಿದಳು. ನೆಲ ಮುಟ್ಟಿ, ಲಾಟೀನು ಎತ್ತಿ ಹಿಡಿದು, ಜನರ ಕಡೆ ಮುಖ ಮಾಡಿ ‘ಯಾರಿದ್ದೀರಿ ಅಲ್ಲಿ’ ಎಂದು ಕೇಳಬೇಕು, ಅದು ಅವಳ ಮಾತು. ಬಾಯಿ ತೆರೆದಳು. ಆ ಬೆಳಕಿನಲ್ಲಿ ಅವಳಿಗೆ ನಾನು ಕಂಡೆ.

ಮಾತು ಮರೆತುಹೋಯಿತು ಅವಳಿಗೆ. ಸೈಡಿನಿಂದ ಡೈರೆಕ್ಟರಮ್ಮ ಪಿಸುಗುಟ್ಟಿದ್ದು ಹಾಲಿಗೆಲ್ಲ ಕೇಳಿಸಿತು. ಅವಳಿಗೆ ಮಾತ್ರ ಕೇಳಿಸಲಿಲ್ಲ. ಲಾಟೀನನ್ನು ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿದಳು. ನನ್ನ ಕಡೆಗೆ.

ಅವಳ ಮುಖ ಆಗ ಹೇಗಿತ್ತು ಎಂದರೆ... ಫೋಟೊ ಇಲ್ಲ. ಬರೆದಾದರೂ ಇಡೋಣ ಅಂದರೆ, ಆ ಮುಖ —