ಮೆಂಟರ್‌ಗಳ ಪಟ್ಟಿ

ಅಮ್ಮಾ,

ನೀನು ಹೋಗಿ ಎರಡು ವರ್ಷವಾಯಿತು, ಇದನ್ನು ಓದುವುದಿಲ್ಲ ಅಂತ ಗೊತ್ತು. ಆದರೂ ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ನೀನು ಮೂವತ್ತು ವರ್ಷ ನರ್ಸ್ ಆಗಿದ್ದ ಆಸ್ಪತ್ರೆಯಲ್ಲೇ ಇವತ್ತು ಮೀಟಿಂಗ್ ಇತ್ತು. ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ದಾರಿ ತೋರಿಸಲು ಒಬ್ಬೊಬ್ಬ ಮೆಂಟರ್ ಕೊಡಬೇಕಂತೆ, ಪಟ್ಟಿ ಮಾಡುವ ಕೆಲಸ ನನ್ನದು. ಡಾಕ್ಟರುಗಳ ಜೊತೆ ಇಬ್ಬರು ಹಿರಿಯ ನರ್ಸ್‌ಗಳ ಹೆಸರನ್ನೂ ಸೇರಿಸಿದ್ದೆ.

"ನರ್ಸ್‌ಗಳಾ? ಏನು, ಬೆಡ್‌ಪ್ಯಾನ್ ಎತ್ತೋದು ಕಲಿಸ್ತಾರಾ?" ಅಂದ ಸರ್ಜರಿ ವಿಭಾಗದ ಮುಖ್ಯಸ್ಥ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅವನು ಯಾರು ಅಂದುಕೊಂಡೆ? ಮೊದಲ ಸಲ ಸೂಜಿ ಹಿಡಿದು ಗಡಗಡ ನಡುಗುತ್ತಿದ್ದನಲ್ಲ, ನನ್ನ ಬ್ಯಾಚಿನವನು, ಅವನೇ. "ಅವಸರ ಬೇಡಪ್ಪ, ಮೊದಲು ರೋಗಿ ಮುಖ ನೋಡು" ಅಂತ ನೀನು ಅವನ ಮಣಿಕಟ್ಟು ಹಿಡಿದು ನರ ತೋರಿಸಿಕೊಟ್ಟಿದ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ವಾರ್ಡಿನಲ್ಲಿ ಎಲ್ಲರಂತೆ ನಾನೂ ನಿನ್ನನ್ನು "ಸಿಸ್ಟರ್" ಅಂತಲೇ ಕರೆಯುತ್ತಿದ್ದೆ. "ಹೇಳಿ ಡಾಕ್ಟ್ರೇ" ಅಂತ ನೀನೂ ಓಗೊಡುತ್ತಿದ್ದೆ. ನಾವು ತಾಯಿ ಮಗಳು ಅಂತ ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಅವನು ಹಲ್ಲು ಕಿರಿಯುವುದು ನೋಡಿ ಹೇಸಿಗೆಯಾಯಿತು. ಅವನಿಗೆ ಕಲಿಸಿದವಳು ನನ್ನಮ್ಮ ಎಂದು ಇವತ್ತು ಹೇಳಿಯೇಬಿಡಬೇಕು ಅಂತ ಎದ್ದು ನಿಂತೆ. ಆದರೆ "ತಮಾಷೆಗೆ ಹಾಕಿದ್ದೆ ಬಿಡಿ ಸರ್" ಅಂದೆ. ನನ್ನ ಕೈಯಾರೆ ಎರಡು ಹೆಸರನ್ನೂ ಹೊಡೆದು ಹಾಕಿದೆ. ಅವನಿಗಿಂತ ನಾನೇ ಹೇಸಿಗೆ, ಅಮ್ಮ.

ಸಂಜೆ, ನನ್ನ ಪಾಲಿಗೆ ಬಂದ ವಿದ್ಯಾರ್ಥಿನಿ ಮಾತಾಡಿಸಲು ಬಂದಳು. "ಮೇಡಂ, ನಿಮಗೆ ಯಾರು ಮೆಂಟರ್ ಆಗಿದ್ರು?"

"ನಮ್ಮ ಕಾಲದಲ್ಲಿ ಅದೆಲ್ಲ ಎಲ್ಲಿತ್ತಮ್ಮ?"

"ಅಯ್ಯೋ, ಎಲ್ಲಾ ಒಬ್ಬರೇ ಕಲಿತ್ರಾ?" ಅಂತ ಕಣ್ಣರಳಿಸಿದಳು.

ನಾನು ಹೂಂ ಅಂದೆ.