ಎರಡನೇ ಕಮಾನಿನ ಕಾಜು

ಬೈಲಹೊಂಗಲ
ತಾ. 20 ಸಪ್ಟೆಂಬರ್ 2005, ಮಂಗಳವಾರ

ಚಿ. ಸೌ. ಮೀನಾಗ,

ನಿನ್ನ ಶಟ್ಟೆಪ್ಪ ಕಾಕಾ ಮಾಡುವ ಆಶೀರ್ವಾದಗಳು. ಇಲ್ಲಿ ನಾವು ಮೂರೂ ಮಂದಿ ಇದ್ದೇವಿ: ನಾನು, ನಿನ್ನ ಚಿಗವ್ವ ಬಾಯವ್ವ, ಮತ್ತ ನನ್ನ ಎಡಗಾಲಿನ ಮೊಣಕಾಲು. ಅದಕ್ಕ ಬ್ಯಾರೇ ರೇಶನ್ ಕಾರ್ಡ್ ಮಾಡಿಸಬೇಕು ಅಂತ ಮಾಡೇನಿ, ಮನ್ಯಾಗ ಎಲ್ಲಾರಕಿಂತ ಹೆಚ್ಚು ಜಗಳ ಮಾಡೂದು ಅದೇ. ರಾಮದುರ್ಗದಾಗ ನೀನು, ಅಳಿಯಂದಿರು, ನಿಮ್ಮವ್ವ ಗುರವ್ವ ವೈನಿ ಎಲ್ಲಾರೂ ಸುಖದಾಗ ಇದ್ದೀರಿ ಅಂತ ನಂಬೇನಿ.

ಹತ್ತು ತಿಂಗಳಾತು, ನಿನಗ ಒಂದು ಸಾಲು ಬರೀಲಿಲ್ಲ. ಪೆನ್ನು ಇರಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು. ಆದ್ರ ರಿಟಾಯರ್ ಆದ ದಿನ ಆಫೀಸಿನವರು ಕೊಟ್ಟ ಪೆನ್ನು ಡಬ್ಬಿಯಾಗ ಹಂಗೇ ಇತ್ತು, ಇವತ್ತು ಅದರಾಗ ಶಾಯಿ ಹಾಕಿ ಕುಂತೇನಿ. ಫೋನ್ ಮಾಡಿದ್ರ ನೀ ಎತ್ತತಿ, ಚಿಗವ್ವನ ಕೂಡ ಮಾತಾಡತಿ, ನನ್ನ ದನಿ ಬಂತಂದ್ರ "ಆಮ್ಯಾಲೆ ಮಾಡತೇನಿ ಕಾಕಾ" ಅಂತಿ. ಆ ಆಮ್ಯಾಲೆ ಇನ್ನೂ ಬಂದಿಲ್ಲ. ಬ್ಯಾಸರ ಇಲ್ಲ. ನಾನಾಗಿದ್ರ ಫೋನೇ ಎತ್ತತಿರಲಿಲ್ಲ.

ಈ ಕಾಗದ ಪೋಸ್ಟಿಗೆ ಹಾಕೂದಿಲ್ಲ, ರಾಮದುರ್ಗ ಬಸ್ಸಿನ ಕಂಡಕ್ಟರ್ ಕೈಲೆ ಕೊಟ್ಟು ಕಳಸತೇನಿ. ಗಂಟಿನಾಗ ಚಿಗವ್ವ ಮಾಡಿದ ಸಜ್ಜಿರೊಟ್ಟಿ, ಶೇಂಗಾ ಹಿಂಡಿ ಅದಾವು. ತಳದಾಗ ನನ್ನ ಹಳೇ ತಂಬಾಕಿನ ಡಬ್ಬಿ ಐತಿ, ದಾರ ಸುತ್ತಿ ಗಂಟು ಹಾಕೇನಿ. ಕಾಗದ ಪೂರಾ ಓದೂ ಮಟಾ ಅದನ್ನ ಬಿಚ್ಚಬ್ಯಾಡ.

ಈಗ ವಿಷಯಕ್ಕ ಬರತೇನಿ. ಚವತಿ ಗಣಪ್ಪನ್ನ ಕಳಿಸಿದ ಮರುದಿನ ನಮ್ಮ ಹಳೇ ಆಫೀಸಿಗೆ ಹೋಗಿದ್ದೆ. ಹೆಸರಿಗೆ ಪೆನ್ಶನ್ ಕಾಗದ, ಖರೇ ಹೇಳಬೇಕಂದ್ರ ಚಾ. ಗುಮಾಸ್ತ ರಘೋತ್ತಮರು ನನ್ನ ನೋಡಿ, "ಬರ್ರಿ ಮುಕಾದಮ್ರ, ನಿಮ್ಮ ಮಗಳ ಸ್ಕಾಲರ್‌ಶಿಪ್ ಮತ್ತ ಬಂದದ" ಅಂದ್ರು. ಹೋದ ವರ್ಷ ನೀ ಅರ್ಜಿ ಹಾಕಿದ ಪುಣೆದ ಅದೇ ಸಂಸ್ಥೆ. ಸರಕಾರದ ರಸ್ತೆ, ಬ್ರಿಜ್ಜು, ನೀರಿನ ಟಾಕಿ ಕಾಯೋ ನೌಕರರಿಗೆ ಆರು ತಿಂಗಳ ಕಲಿಕೆ. ಪಗಾರ ಚಾಲೂ, ಫೀ ಅವರದು, ಇರೂದು ಉಣ್ಣೂದು ಅವರದು. ಈ ಸಲನೂ ಇಡೀ ಕರ್ನಾಟಕಕ್ಕ ನಾಲ್ಕೇ ಮಂದಿ. ಕೊನೇ ತಾರೀಖು ಅಕ್ಟೋಬರ್ ಹದಿನೈದು. ವಯಸ್ಸು ಮೂವತ್ತಾರರ ಒಳಗ ಇರಬೇಕು ಅಂತ ಬರದಾರ. ಬರೂ ಮೇ ತಿಂಗಳಿಗೆ ನಿನಗ ಮೂವತ್ತಾರು ತುಂಬತಾವು. ಅಂದ್ರ ಇದೇ ಕಡೀ ಸಲ. ಫಾರ್ಮು ಇದರ ಜೋಡಿ ಮಡಚಿ ಇಟ್ಟೇನಿ.

ನೀ ಹಾಕೂದಿಲ್ಲ ಅಂದಿ ಅಂತ ವೈನಿ ಹೇಳಿದ್ರು. "ನೋಡಲಾರದ ಬರದಾಕಿ ಅಂತ ಒಮ್ಮೆ ಅನಿಸಿಕೊಂಡದ್ದು ಸಾಕವ್ವಾ" ಅಂದೀಯಂತ. ಆ ಮಾತು ಕೇಳಿದ ಮ್ಯಾಲೆನೇ ಈ ಪೆನ್ನು ಹುಡುಕಿ ತಗದೆ.

ಮೊದಲು ಈ ಸ್ಕಾಲರ್‌ಶಿಪ್ ಹೆಸರು ಕೇಳಿದಾಗ ನಾ ನಕ್ಕಿದ್ದೆ, ನೆನಪೈತಿ? ಸಾಲಿಗೆ ಹೋಗೂ ಚೊಣ್ಣದ ಹುಡುಗರಿಗೆ ಕೊಡೂದು ಇಂಜಿನಿಯರ್ ಬಾಯಾರಿಗೆ ಯಾಕ ಅಂತ. ನೀ ನನ್ನ ಕುಂಡ್ರಿಸಿಕೊಂಡು ತಿಳಿಸಿ ಹೇಳಿದಿ: "ಕಾಕಾ, ಕಟ್ಟಾಕ ಕಲಿಸೂ ಕಾಲೇಜು ಊರಿಗೊಂದು ಅದಾವು. ಕಟ್ಟಿದ್ದನ್ನ ಕಾಯಾಕ ಕಲಿಸೂದು ಇದೊಂದೇ." ಅವತ್ತು ನನ್ನ ಎದಿ ಉಬ್ಬಿತ್ತು. ಯಾಕಂದ್ರ ಮೂವತ್ತೊಂದು ವರ್ಷ ನಾ ಮಾಡಿದ್ದು ಅದೇ ಅಲ್ಲೇನು? ಎಂಟು ಮಂದಿ ಗ್ಯಾಂಗಿನ ಮುಕಾದಮ ನಾನು. ಏಳನೇತ್ತೆಯ ಮುಲ್ಕಿ ಪರೀಕ್ಷಾದಾಗ ನಮ್ಮ ಸಾಲಿಗೆ ಎರಡನೇಯವ. ಕುಂತವರು ಮೂರೇ ಮಂದಿ ಅಂತ ನಿಮ್ಮಪ್ಪ ಎಲ್ಲಾರ ಮುಂದೂ ಹೇಳತಿದ್ದ, ಅಣ್ಣಗ ನನ್ನ ಮ್ಯಾಲೆ ಅಷ್ಟು ಪ್ರೀತಿ. ಜಾಲಿಹಳ್ಳದ ಬ್ರಿಜ್ಜು ಕಟ್ಟೂ ಮುಂದ ಕಲ್ಲು ಹೊತ್ತಾವ ನಾನು, ಆಮ್ಯಾಲೆ ಅದನ್ನ ಕಾದಾವ ನಾನು. ಎಪ್ಪತ್ತೈದರ ಮಹಾಪೂರದಾಗ ಆ ಬ್ರಿಜ್ಜಿನ ಮ್ಯಾಲೆ ಸೊಂಟಕ್ಕ ಹಗ್ಗ ಕಟ್ಟಿಕೊಂಡು ನಿಂತು, ಕಮಾನಿಗೆ ಅಡ್ಡ ಬಿದ್ದ ಜಾಲಿಗಿಡ ಒಬ್ಬನೇ ಕಡದು ನೀರಿಗೆ ಬಿಟ್ಟಾವ ನಾನು. ಒಬ್ಬನೇ ಅಲ್ಲ, ನಾಕು ಮಂದಿ ಇದ್ವಿ. ಇವತ್ತು ಖರೇ ಬರೀಬೇಕು ಅಂತ ಕುಂತೇನಿ, ಅದಕ್ಕ ಇದನ್ನೂ ಬರದೆ.

ನೀ ಅದೇ ಬ್ರಿಜ್ಜಿಗೆ ಇಂಜಿನಿಯರ್ ಆಗಿ ಬಂದಿ. ಬಂದಾಕಿ ಉಳದವರಂಗ ಜೀಪಿನಾಗ ಕುಂತು ನೋಡಲಿಲ್ಲ. ಸೀರಿ ಸಿಗಿಸಿಕೊಂಡು ಹಳ್ಳದಾಗ ಇಳದಿ. ತಾಲೂಕಿನ ಅರವತ್ತನಾಲ್ಕು ಬ್ರಿಜ್ಜು ಮೋರಿಗೆ ಒಂದು ದಪ್ಪ ವಹಿ ಮಾಡಿದಿ, ಒಂದೊಂದಕ್ಕೂ ಸಾಲಿ ಹುಡುಗರಿಗೆ ಹಾಕಿದಂಗ ಹತ್ತಕ್ಕ ಇಷ್ಟು ಅಂತ ಮಾರ್ಕ್ಸ್ ಹಾಕಿದಿ. ಜಾಲಿಹಳ್ಳಕ್ಕ ಹತ್ತಕ್ಕ ಮೂರು. ಎರಡನೇ ಕಮಾನಿನಾಗ ಕೂದಲೆಳಿಯಂಥಾ ಬಿರುಕು ಸಿಕ್ಕಿತ್ತು ನಿನಗ. ಅದರ ತುದಿಗೆ ಕೆಂಪು ಬಣ್ಣದಲೆ ತಾರೀಖು ಬರದಿ. ಬಿರುಕಿಗೆ ಅಡ್ಡಲಾಗಿ ಕಿಡಕಿ ಗಾಜಿನಂಥಾ ಮೂರು ಕಾಜಿನ ಪಟ್ಟಿ ಇಟ್ಟು ಪ್ಲಾಸ್ಟರಿನಿಂದ ಅಂಟಿಸಿ, ಒಂದು ಎರಡು ಮೂರು ಅಂತ ಕೆಂಪು ನಂಬರ್ ಹಾಕಿದಿ. "ಬ್ರಿಜ್ಜು ಅಳ್ಳಾಡಿದ್ರ ಕಲ್ಲು ಬಾಯಿ ಬಿಡೂದಿಲ್ಲ ಕಾಕಾ, ಈ ಕಾಜು ಒಡೀತಾವು. ಆವಾಗ ತಿಳೀತೈತಿ" ಅಂದಿ. ಬಟ್ಟಲಾಗ ಪ್ಲಾಸ್ಟರ್ ಕಲಿಸಿ ಕೊಟ್ಟಾವ ನಾನೇ.

ಮುಂದಿನದು ನಿನಗ ಗೊತ್ತೈತಿ. ಆದ್ರೂ ನನ್ನ ಕೈಲೆ ಒಮ್ಮೆ ಬರೀಬೇಕು. ನೀ ಸವದತ್ತಿ ರಸ್ತೆ ಕೆಲಸದ ಮ್ಯಾಲೆ ಒಂದು ತಿಂಗಳು ಹೋಗಿದ್ದಿ. ಆವಾಗ ಗ್ಯಾಂಗಿನ ಪರಪ್ಪ ನಿನಗ ಫೋನ್ ಮಾಡಿ, ಎರಡನೇ ನಂಬರ್ ಕಾಜು ಒಡದೈತ್ರಿ ಅಂದ. ನೀ ಅವನ ಮಾತಿನ ಮ್ಯಾಲೆ ವಹಿಯಾಗ ಬರಕೊಂಡಿ, ಸ್ಕಾಲರ್‌ಶಿಪ್ ಅರ್ಜಿಯಾಗೂ ಅದನ್ನೇ ಬರದಿ: ಅಕ್ಟೋಬರ್ ಮೂರಕ್ಕ ಕಾಜು ಒಡದೈತಿ, ಬ್ರಿಜ್ಜು ಅಳ್ಳಾಡಾಕ ಹತ್ತೈತಿ, ಹಿಂಗ ಕಾದ್ರ ಹಿಂಗ ಉಳಸಬಹುದು ಅಂತ. ಅರ್ಜಿ ನೋಡಿ ಪುಣೆದವರು ಮೆಚ್ಚಿ, ಜಾಗಾ ಕಣ್ಣಲೆ ನೋಡತೇವಿ ಅಂತ ನವೆಂಬರಿನಾಗ ಇಬ್ಬರು ಬಂದ್ರು.

ಸಾಹೇಬರು ಬರತಾರ ಅಂದ್ರ ನಮ್ಮ ಇಲಾಖೆಯಾಗ ಏನು ಮಾಡತಾರ? ಸುಣ್ಣ ಹಚ್ಚತಾರ. ಕಿಲೋಮೀಟರ್ ಕಲ್ಲಿಗೆ ಸುಣ್ಣ, ಗಿಡದ ಬುಡಕ್ಕ ಸುಣ್ಣ, ಅಲ್ಲಾಡದ ನಿಂತ ಗ್ಯಾಂಗ್‌ಮನ್‌ಗೂ ಸುಣ್ಣ. ಮೂವತ್ತೊಂದು ವರ್ಷ ನಾ ಹಚ್ಚಿಸೇನಿ. ರಿಟಾಯರ್ ಆಗಿದ್ರೂ ಹಿಂದಿನ ದಿನ ನಾನೇ ಗ್ಯಾಂಗಿನವರನ್ನ ಕರಕೊಂಡು ಹೋಗಿ ಇಡೀ ಬ್ರಿಜ್ಜಿಗೆ ಮದಲಗಿತ್ತಿಗೆ ಸೀರಿ ಉಡಿಸಿದಂಗ ಸುಣ್ಣ ಬಳಿಸಿದೆ. ಕಮಾನಿನ ಒಳಗೂ ಬಳಿಸಿದೆ. ನಿನ್ನ ಕೆಂಪು ತಾರೀಖು ಎಲ್ಲಾ ಮುಚ್ಚಿಹೋದುವು.

ಬೆಳಿಗ್ಗೆ ನೀ ಜೀಪಿನಿಂದ ಇಳದು ಅದನ್ನ ನೋಡಿದ ನೋಟ ನನಗ ಮರೀವಲ್ದು. ಸೆರಗಿನಿಂದ ಸುಣ್ಣ ಒರಿಸಿದಿ, ಅದು ಹೋಗಲಿಲ್ಲ ಅಂತ ಕೀಲಿಕೈಯಿಂದ ಕೆರದಿ. ಎರಡನೇ ನಂಬರಿನ ಕಾಜು ಸಿಕ್ತು. ಇಡಿಯಾಗಿ ಇತ್ತು. ಬಂದವರೊಳಗ ಕನ್ನಡ ಬರತಿದ್ದ ಹೆಣ್ಣುಮಗಳು ಅರ್ಜಿ ತಗದು, ಇದರಾಗ ಒಡದೈತಿ ಅಂತ ಬರದೀರಲ್ಲ ಅಂದ್ಲು. ನೀ ಪರಪ್ಪನ ಕಡೆ ನೋಡಿದಿ. ಅವ ಟೊಪಿಗಿ ಕೈಯಾಗ ಹಿಡಕೊಂಡು, "ಒಡದಿತ್ರೀ ಬಾಯಾರ, ನನ್ನ ಕಣ್ಣಲೆ ನೋಡೇನ್ರಿ" ಅಂದ. ಮತ್ತ ಕೂಡಿಸಿದವರು ಯಾರು ಅಂತ ಆಕಿ ಕೇಳಿದ್ಲು.

ಆವಾಗ ನೀ ನನ್ನ ಕಡೆ ತಿರುಗಿದಿ. "ಕಾಕಾ, ನೀ ದಿನಾ ಮುಂಜಾನೆ ಇತ್ತಾಗ ಅಡ್ಡಾಡಾಕ ಬರತಿ. ಒಡದಿತ್ತೇನು?"

ನಾ ನೋಡಿಲ್ಲವ್ವಾ ಅಂದೆ.

ಅಷ್ಟೇ ಅಂದಿದ್ರ ಬ್ಯಾರೇ. ಪರಪ್ಪ ಸಂತಿ ದಿವಸ ಒಂದೀಟು ತಗೋತಾನು ಅಂತ ನಗಚಾಟಿಕೆ ಮಾಡಿದೆ. ಯಾರೂ ನಗಲಿಲ್ಲ. ತಾ ನೋಡಲಾರದ ವರದಿ ಬರಿಯೋವರಿಗೆ ಕಾಯೋ ವಿದ್ಯಾ ಹೆಂಗ ಕಲಿಸೂದು ಅಂತ ಆ ಹೆಣ್ಣುಮಗಳು ಮೆತ್ತಗೇ ಅಂದ್ಲು. ಮೆತ್ತಗ ಅಂದದ್ದೇ ಹೆಚ್ಚು ನಟ್ಟಿತು. ತಿಂಗಳೊಳಗ ನೀ ವರ್ಗಾ ಬೇಡಿ ರಾಮದುರ್ಗಕ್ಕ ಹೋದಿ. ಪರಪ್ಪನ್ನ ಯರಗಟ್ಟಿ ಕಡೆ ಹಾಕಿದ್ರು.

ಅವ ಮೊನ್ನೆ ಯರಗಟ್ಟಿ ಬಸ್‌ಸ್ಟ್ಯಾಂಡಿನಾಗ ಸಿಕ್ಕಿದ್ದ. ನಾ ಮುಖ ತಿರುವಿಕೊಂಡೆ, ಅವನೇ ಬಂದು ಕೈ ಹಿಡದು ಚಾ ಕುಡಿಸಿದ. "ಬಾಯಾರು ಹೆಂಗದಾರ್ರಿ ಮುಕಾದಮ್ರ?" ಅಂದ. ಛಲೋ ಅದಾಳಪಾ ಅಂದೆ. ಬ್ರಿಜ್ಜಿನ ಮಾತು ತಗೀಲಿಲ್ಲ. ಚಾ ಕುಡೀಲಾರದ ಮುಂದ ಹಿಡಕೊಂಡು ಕುಂತಿದ್ದೆ, ಕೆನಿ ಕಟ್ಟಿತು.

ಮೀನಾ, ನನಗ ದಣಿವಾಗೈತಿ. ಮೊಣಕಾಲಿನದಲ್ಲ. ಇಷ್ಟು ವರ್ಷ ನಾನೇ ದೊಡ್ಡಾವ ಅಂತ ಹೇಳಿ ಹೇಳಿ ಬಾಯಿ ಸೋತೈತಿ. ಈಗ ಕಟ್ಟಿಮ್ಯಾಲೆ ಕುಂತು ಮಹಾಪೂರದ ಕತಿ ಶುರು ಮಾಡಿದ್ರ ಮಂದಿ ಕೇಳತಾರ, ನಾನೇ ನಡುವ ನಿಲ್ಲಸತೇನಿ. ಚಿಗವ್ವ "ಯಾಕ, ಜಾಲಿಗಿಡ ಇನ್ನೂ ಕಡದಿಲ್ಲಲ್ಲ?" ಅಂತ ಚ್ಯಾಷ್ಟಿ ಮಾಡತಾಳು.

ಫಾರ್ಮು ತುಂಬು. ನಿನ್ನ ಅಪ್ಪ ಇದ್ದಿದ್ರ ಕೈ ಹಿಡದು ಸಹಿ ಮಾಡಸತಿದ್ದ. ಅವನ ಜಾಗಾದಾಗ ನಾ ಇದ್ದೆ, ಇದ್ದೂ ಏನು ಮಾಡಿದೆ ಅಂತ ನೀ ನೋಡಿದಿ. ರಘೋತ್ತಮರು ಹಳೇ ವಹಿಯ ನಕಲು ತಗದು ಇಟ್ಟಾರ, ಬೇಕಂದ್ರ ಕಳಸತಾರಂತ. ನನ್ನ ಮ್ಯಾಲಿನ ಸಿಟ್ಟು ಹಂಗೇ ಇಟ್ಟುಕೋ, ಅದಕ್ಕ ಕೊನೇ ತಾರೀಖು ಇಲ್ಲ. ಫಾರ್ಮಿಗೆ ಐತಿ.

ಅಳಿಯಂದಿರಿಗೆ ಆಶೀರ್ವಾದ, ವೈನಿಗೆ ನಮಸ್ಕಾರ. ನಿನ್ನ ಕಣ್ಣು ನಿನಗ ಸುಳ್ಳು ಹೇಳಲಾರದಂಗ ಬಸವಣ್ಣ ಕಾಯಲಿ. ನೂರು ವರ್ಷ ಬಾಳು, ನಿನ್ನ ಕೈ ಮುಟ್ಟಿದ ಬ್ರಿಜ್ಜು ಇನ್ನೂರು ವರ್ಷ ಬಾಳಲಿ.

ಇಂತಿ ನಿನ್ನ ಕಾಕಾ,
ಶಟ್ಟೆಪ್ಪ
(ರಿಟಾಯರ್ಡ್ ಗ್ಯಾಂಗ್ ಮುಕಾದಮ)

ತಾ.ಕ.: ಸಹಿ ಮಾಡಿ ಪೆನ್ನು ಮುಚ್ಚಿದ್ದೆ. ಮತ್ತ ತಗದೆ. ಬರೀಬೇಕಾದ್ದು ಇನ್ನೂ ಬರದಿಲ್ಲ.

ಪರಪ್ಪ ಖರೇ ಹೇಳಿದ್ದ. ಅಕ್ಟೋಬರ್ ಮೂರನೇ ತಾರೀಖು ಕಾಜು ಒಡದಿತ್ತು, ಅವನಕಿಂತ ಮೊದಲು ನೋಡಿದಾವ ನಾನು. ಮರುದಿನ ಬಜಾರದಾಗ ಫೋಟೋಕ್ಕ ಕಟ್ಟು ಹಾಕೋ ಅಂಗಡಿಯಾಗ ಅದೇ ಅಳತಿ ಕಾಜು ಕೊಯಿಸಿಕೊಂಡು ಹೋಗಿ ನಾನೇ ಅಂಟಿಸಿದೆ. ನಿನ್ನಂಗೇ ಕೆಂಪು ಬಣ್ಣದಲೆ ಎರಡು ಅಂತ ಬರದೆ. ಹೊಸಾ ಪ್ಲಾಸ್ಟರ್ ಬೆಳ್ಳಗ ಎದ್ದು ಕಾಣತಿತ್ತು. ಅದಕ್ಕ ಸುಣ್ಣ. ಇಲಾಖೆ ಪದ್ಧತಿ ಅಂತ ಮ್ಯಾಲೆ ಬರದದ್ದು ನೆಪ. ಕಮಾನಿನ ಒಳಗ ಯಾರೂ ಎಂದೂ ಸುಣ್ಣ ಹಚ್ಚೂದಿಲ್ಲ, ನೀ ಅವತ್ತು ಅದನ್ನೊಂದು ವಿಚಾರ ಮಾಡಲಿಲ್ಲ. ನನ್ನ ಮ್ಯಾಲೆ ಅಷ್ಟು ನಂಬಿಗಿ ನಿನಗ.

ಯಾಕ ಮಾಡಿದೆ? ಹತ್ತಕ್ಕ ಮೂರು ಬಿದ್ದದ್ದು ಬ್ರಿಜ್ಜಿಗಲ್ಲ, ನನಗ ಅನಿಸಿತು. ಚಾದಂಗಡಿಯಾಗ ಯಾರೋ, ಮುಕಾದಮ ಮೂವತ್ತು ವರ್ಷ ಕಾದದ್ದಕ್ಕ ಅವನ ಮನೀ ಮಗಳೇ ನಪಾಸು ಮಾಡ್ಯಾಳ ಅಂದ್ರು. ನಾ ನಕ್ಕೆ. ನಕ್ಕು ಮನಿಗೆ ಬಂದು ಉಣಲಿಲ್ಲ. ನಿನ್ನ ಸ್ಕಾಲರ್‌ಶಿಪ್ ಹೋಗತೈತಿ ಅಂತ ಖರೇನೇ ಗೊತ್ತಿರಲಿಲ್ಲ. ಆದ್ರ ನೀ ನನ್ನ ಕಡೆ ತಿರುಗಿ ಕೇಳಿದಿಯಲ್ಲ, ಆವಾಗ ಗೊತ್ತಿತ್ತು.

ಫೆಬ್ರವರಿಯಾಗ ಎಂ.ಕೆ. ಹುಬ್ಬಳ್ಳಿ ಸಕ್ರಿ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೋಗೂ ಮುಂದ ಅದೂ ಒಡೀತು. ಮತ್ತ ಹೊಸಾದು ಹಚ್ಚಿದೆ. ಈ ಶ್ರಾವಣದ ಮಳಿಗೆ ನಾ ಹಚ್ಚಿದ ಆ ಮೂರನೇದೂ ಒಡದೈತಿ. ನಾಲ್ಕನೇದು ಕೊಯಿಸಿಕೊಂಡು ಹೋಗಿ ಕಮಾನಿನ ಕೆಳಗ ನಿಂತೆ. ಮ್ಯಾಲೆ ಸಾಲಿ ಮಕ್ಕಳ ಟೆಂಪೋ ಹಾದು ಹೋತು, ಸುಣ್ಣದ ಪುಡಿ ನನ್ನ ತಲಿ ಮ್ಯಾಲೆ ಉದುರಿತು. ಹೊಸಾದು ಹಚ್ಚಲಿಲ್ಲ, ಒಡದದ್ದನ್ನ ಬಿಡಿಸಿಕೊಂಡು ಮನಿಗೆ ಬಂದೆ.

ನಾಳೆ ಆಫೀಸು ತಗಿಯೂ ಮೊದಲೇ ಹೋಗಿ ರಘೋತ್ತಮರ ಕೈಲೆ ಇದನ್ನೆಲ್ಲಾ ಬರಿಸಿ ಸಹಿ ಮಾಡಿ ಕೊಡತೇನಿ, ಭಾರದ ಗಾಡಿ ಬಿಡಬ್ಯಾಡ್ರಿ ಅಂತನೂ ಹೇಳತೇನಿ. ಪರಪ್ಪನ ಹೆಸರು ಮೊದಲು ಬರಸತೇನಿ. ಒಂದು ನಕಲು ನಿನಗ ಕಳಸತೇನಿ, ನೀ ಅದನ್ನ ಪುಣೆಕ್ಕ ಕಳಸು.

ತಂಬಾಕಿನ ಡಬ್ಬಿಯಾಗ ಮೂರೂ ಕಾಜು ಅದಾವು. ಒಂದೊಂದಕ್ಕೂ ಒಡದ ತಾರೀಖು ಚೀಟಿ ಹಚ್ಚೇನಿ. ಅರ್ಜಿ ಜೋಡಿ ಇಡು. ಬಿಚ್ಚೂ ಮುಂದ ಕೈ ಜ್ವಾಕಿ, ಅಂಚು ಇನ್ನೂ ಹರಿತ ಅದಾವು.