ಹಾರ್ಟ್‌ವಿಗ್ ಭಾವನ ಹಲಗೆ

ಪೂರ್ವ ಟಿರೋಲ್
ಜೂನ್ ೩, ಮಂಗಳವಾರ

ಪ್ರೀತಿಯ ವ್ರೋನಿ ಅಕ್ಕ,

ನೀನೂ ಲೇನಿಯೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಉತ್ತರಿಸಲಿಲ್ಲ, ಈಸ್ಟರ್‌ಗೆ ಬರೆದದ್ದಕ್ಕೂ ಇಲ್ಲ. ಕೆಲಸ ಹೆಚ್ಚಿತ್ತು ಎನ್ನಬಹುದಿತ್ತು. ಆದರೆ ಹಿಮ ಬಿದ್ದಿರುವಾಗ ಸೈಕಲ್ ದಾರಿಯಲ್ಲಿ ನನಗೆಷ್ಟು ಕೆಲಸ ಇರುತ್ತದೆಂದು ನಿನಗೆ ಗೊತ್ತು. ಬರೆಯಲು ಕೂತು ಕೂತು ಎದ್ದಿದ್ದೇನೆ. ಸೋಮಾರಿತನಕ್ಕೆ ಕ್ಷಮೆ ಕೇಳುವುದು ಸುಲಭ, ಸದ್ಯಕ್ಕೆ ಅದನ್ನೇ ಕೇಳುತ್ತೇನೆ.

ಮೇ ಮೊದಲ ವಾರ ದಾರಿ ತೆರೆದೆವು. ಇಟಲಿಯ ಸಂಸಾರಗಳು ಎಂದಿನಂತೆ ಮೇಲಿನ ಸ್ಟೇಷನ್ನಿನಲ್ಲಿ ಬಾಡಿಗೆ ಸೈಕಲ್ ಹತ್ತಿ, ಡ್ರಾವ್ ನದಿಯ ಜೊತೆ ಹೆಚ್ಚುಕಡಿಮೆ ಪೆಡಲ್ ತುಳಿಯದೆಯೇ ಕೆಳಗಿಳಿದು, ಪೇಟೆಯಲ್ಲಿ ಐಸ್‌ಕ್ರೀಮ್ ತಿಂದು ರೈಲಿನಲ್ಲಿ ವಾಪಸಾಗುತ್ತಿವೆ. ಅವರು ಬರುವ ಮುಂಚೆ ನಾನು ಜಲ್ಲಿ ಗುಡಿಸುತ್ತೇನೆ, ಮರದ ಸೇತುವೆಗಳ ಮೊಳೆ ನೋಡುತ್ತೇನೆ. ಅವರು ಹೋದ ಮೇಲೆ ಬಾಳೆಹಣ್ಣಿನ ಸಿಪ್ಪೆ ಹೆಕ್ಕುತ್ತೇನೆ.

ಸೇತುವೆಯಾಚೆ ಟ್ರೌಡಿಯ ಸೂಪಿನ ಅಂಗಡಿಗೆ ಹೊಸ ಛತ್ರಿಗಳು ಬಂದಿವೆ. ಮೊನ್ನೆ ಮಳೆಯಾಯಿತೆಂದು ನಾನು ಬಂಡೆ ಉರುಳುವ ತಿರುವಿನ ಮೇಲ್ಗಡೆ ದಾರಿ ಮುಚ್ಚುವ ಅಡ್ಡಮರ ಇಟ್ಟದ್ದಕ್ಕೆ ಜಗಳಕ್ಕೇ ಬಂದಳು. "ಏನೇ ಇರ್ಮಾ, ಎರಡು ಹನಿ ಬಿದ್ರೆ ದಾರಿ ಮುಚ್ತೀಯಲ್ಲೇ! ಹಂಡೆ ತುಂಬ ಸೂಪ್ ಕಾಸಿಟ್ಟಿದ್ದೀನಿ, ಎಲ್ಲಾ ನೀನೇ ಕುಡಿ!" ಎಂದಳು. ಐದು ನಿಮಿಷಕ್ಕೆ ಅವಳ ಗಂಡನೇ ಆ ಅಡ್ಡಮರ ಸರಿಸಿಕೊಂಡು ಸೈಕಲ್ಲಿನಲ್ಲಿ ಬಂದ. ಯಾಕೆ ಎಂದು ಕೇಳಿದೆ. "ಅದು ಹೊರಗಿನೋರಿಗಲ್ವಾ? ಬಂಡೆ ಬರೋದು ನಮಗೆ ಗೊತ್ತಾಗಲ್ವಾ?" ಎಂದ. ಭಾವ ಅಲ್ಲೇ ತೀರಿಕೊಂಡ ಮೇಲೂ ಹೀಗೆ.

ಬೈಯಲು ನನಗೆ ಬಾಯಿ ಬರಲಿಲ್ಲ. ನಾವು ಬೆಳೆದದ್ದೇ ಹಾಗಲ್ಲವೇ? ಅಪ್ಪ ನಮ್ಮಿಬ್ಬರನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಅದೇ ತಿರುವು ದಾಟುತ್ತಿದ್ದರು. ಇಳಿದು ಅಡ್ಡಮರ ಸರಿಸುವುದು, ದಾಟುವುದು, ಮತ್ತೆ ಇದ್ದ ಹಾಗೇ ನೇರ ಮಾಡಿ ಇಡುವುದು. "ಮುಚ್ಚಿ ಬನ್ನಿ ಮಕ್ಕಳೇ, ಪಾಪ, ಪೇಟೆಯವರಿಗೆ ಬೆಟ್ಟದ ಮಾತು ಕೇಳ್ಸಲ್ಲ" ಎಂದು ನಗುತ್ತಿದ್ದರು. ಆ ಬೆಟ್ಟದ ಮಾತು ನಮಗೆ ಯಾವತ್ತಾದರೂ ಕೇಳಿಸಿತ್ತೇ, ಅಕ್ಕ? ನನಗೆ ನೆನಪಿಲ್ಲ.

ಈಗ ಬರೆಯುತ್ತಿರುವ ಕಾರಣ ಹೇಳುತ್ತೇನೆ. ಆಗಸ್ಟ್ ಬಂದರೆ ಭಾವ ಹೋಗಿ ಒಂದು ವರ್ಷ. ಬಂಡೆ ಉರುಳಿದ ತಿರುವಿನಲ್ಲಿ ಸಾವಿನ ಚಿತ್ರವೂ ಪದ್ಯವೂ ಇರುವ ಅವರ ನೆನಪಿನ ಹಲಗೆ ನಿಲ್ಲಿಸಬೇಕೆಂದು ಊರವರು ತೀರ್ಮಾನಿಸಿದ್ದಾರೆ. ಅಜ್ಜನ ಹಲಗೆಯಿಂದ ಇನ್ನೂರು ಹೆಜ್ಜೆ ಅಷ್ಟೇ. ಆ ಚಿತ್ರದಲ್ಲಿ ಅಜ್ಜನಿಗಿಂತ ಅವರ ಮೇಲೆ ಬೀಳುತ್ತಿರುವ ಮರವೇ ಲಕ್ಷಣವಾಗಿದೆ ಎಂದು ನೀನು ಚಿಕ್ಕವಳಿದ್ದಾಗ ನಗುತ್ತಿದ್ದೆ. ಇದನ್ನೂ ಲಾಂಬರ್ಟ್ ಮಾಮನೇ ಬರೆಯುತ್ತಾರೆ. ಕೈ ನಡುಗುತ್ತದೆ, ಕುಂಚ ಹಿಡಿದರೆ ನಿಲ್ಲುತ್ತದೆ. ಕಳೆದ ವಾರ ನನ್ನನ್ನು ಕರೆಸಿದ್ದರು.

"ಹಾರ್ಟ್‌ವಿಗ್‌ಗೆ ಮೀಸೆ ಇತ್ತೇನಮ್ಮ?"

"ಬೇಸಿಗೇಲಿ ಬೋಳಿಸ್ತಿದ್ರು, ಮಾಮ."

"ಹಂಗಾದ್ರೆ ಬೇಡ. ಸೈಕಲ್ಲು?"

"ಹಸಿರು."

"ಹಸಿರು ಕಾಡಲ್ಲಿ ಕಾಣಲ್ಲ. ಕೆಂಪು ಬಳೀತೀನಿ."

"ಸುಳ್ಳಾಗುತ್ತಲ್ಲ ಮಾಮ?"

"ಬಣ್ಣ ಸುಳ್ಳಾದ್ರೆ ದೇವರೇನೂ ಬಯ್ಯಲ್ಲ ಬಿಡು. ಕೆಳಗಿನ ಸಾಲು ಸುಳ್ಳಾಗ್ಬಾರ್ದು, ಅಷ್ಟೇ."

ಕೆಳಗಿನ ಸಾಲುಗಳನ್ನು ಊರವರು ಆಗಲೇ ಆರಿಸಿದ್ದಾರೆ. ಓದು:

ಅಡ್ಡಮರ ಸರಿಸಿ ಅವಸರದಿ ಹೋದ
ಹಾರ್ಟ್‌ವಿಗ್ ಇಲ್ಲಿ ಕಲ್ಲಿನಡಿಯಾದ.
ಸವಾರನೆ, ನಿಲ್ಲು, ಅವನಿಗಾಗಿ ಬೇಡು,
ಅವನಂತೆ ಮಾಡದೆ ಮನೆಗೆ ನಡೆ, ನೋಡು.

ಓದಿದವರು ಎಚ್ಚರವಾಗುತ್ತಾರೆ ಎಂಬುದು ಊರವರ ಮಾತು. ಲಾಂಬರ್ಟ್ ಮಾಮ ಮಾತ್ರ, "ಹೆಂಡತಿ ಸಹಿ ಇಲ್ದೆ ನಾನು ಅಕ್ಷರ ಬರೆಯಲ್ಲ" ಎಂದು ಹಟ ಹಿಡಿದಿದ್ದಾರೆ. ಹಾಗಾಗಿ ನಿನ್ನ ಒಪ್ಪಿಗೆ ತರಿಸುವ ಕೆಲಸ ತಂಗಿಯಾದ ನನ್ನ ಪಾಲಿಗೆ ಬಂತು. ಆ ಕಾಗದ ಇದರ ಜೊತೆಗಿದೆ.

ನೀನು ಸಹಿ ಹಾಕುತ್ತೀಯೆಂದು ನನಗೆ ಗೊತ್ತು. ಕ್ರಿಸ್‌ಮಸ್ ಕಾಗದದಲ್ಲಿ ನೀನೇ ಬರೆದಿದ್ದೆ, "ಬಂಡೆಯನ್ನು ಕ್ಷಮಿಸಿದ್ದೇನೆ, ಅಡ್ಡಮರ ಸರಿಸಿದ ಕೈಯನ್ನು ಕ್ಷಮಿಸಲಾರೆ" ಎಂದು. ಈಸ್ಟರ್ ಕಾಗದದಲ್ಲಿ, ಲೇನಿ ಅಪ್ಪನ ಫೋಟೋ ಗೋಡೆಯಿಂದ ತೆಗೆದು ಡ್ರಾಯರಿನಲ್ಲಿ ಬೋರಲು ಹಾಕಿದ್ದಾಳೆ, ನೀನು ತಡೆಯಲಿಲ್ಲ ಎಂದಿತ್ತು. "ಅಪ್ಪನಿಗೆ ನಮಗಿಂತ ಹತ್ತು ನಿಮಿಷ ಉಳಿಸೋದು ಹೆಚ್ಚಾಯ್ತಾ?" ಎಂದು ಅವಳು ಕೇಳಿದಳಂತೆ, ನೀನು ಹೌದೆಂದೆಯಂತೆ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ನವೆಂಬರಿನಲ್ಲಿ, ಸತ್ತವರ ದಿನ, ಭಾವನ ಸಮಾಧಿಗೆ ದೀಪ ಹಚ್ಚಲು ಊರು ಬಿಟ್ಟು ಹೋದ ನೀನು ಬರಲಿಲ್ಲ. ನಾನು ಹಚ್ಚಿದೆ. ಅದಕ್ಕೆ ನನಗೆ ಎಷ್ಟು ಹಕ್ಕಿತ್ತೋ ಕಾಣೆ.

ಹಿಂದಿನ ಭಾನುವಾರ ಕೆಲಸದ ಅಂಗಿ ಹಾಕದೆ, ಪೊರಕೆ ಕಟ್ಟಿಕೊಳ್ಳದೆ, ನನ್ನ ಸೈಕಲ್ಲನ್ನು ರೈಲಿಗೆ ಹಾಕಿ ಮೇಲೆ ಹೋದೆ. ಸತ್ತ ದಿನ ಭಾವ ಮರ ಕೊಯ್ಯುವ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದ ಹಾಗೇ ಇಡೀ ದಾರಿ ಇಳಿದು ಬರಬೇಕೆನಿಸಿತು. ಹುಲ್ಲು ಕೊಯ್ದ ವಾಸನೆ, ಎಡಕ್ಕೆ ಹಿಮ ಕರಗಿ ಬೂದಿಬಣ್ಣವಾದ ನದಿ, ಬೆನ್ನ ಹಿಂದೆ ಗಾಳಿ. ಇಷ್ಟು ಸುಲಭದ ದಾರಿ ಲೋಕದಲ್ಲಿ ಇನ್ನೊಂದಿರಲಾರದು. ತಿರುವಿಗೆ ಬಂದಾಗ ನನ್ನ ಕೈ ತಾನಾಗಿ ಬ್ರೇಕ್ ಹಿಡಿಯಿತು. ಹಿಂದಿನಿಂದ ಇಬ್ಬರು ಹುಡುಗಿಯರು, ಅಕ್ಕತಂಗಿಯರಿರಬೇಕು, ಗಂಟೆ ಬಾರಿಸುತ್ತ ಬಂದರು. ಚಿಕ್ಕವಳು ಕೂಗಿದಳು: "ಆಂಟೀ, ಯಾಕೆ ನಿಂತ್ರಿ? ಇಲ್ಲಿಂದ ಬರೀ ಇಳಿಜಾರು!"

ನಾನು ನಕ್ಕೆ. ಅಳುವ ಅರ್ಹತೆ ನನಗಿಲ್ಲ ಎಂದು ಆಮೇಲೆ ಅನಿಸಿತು.

ಲೇನಿಗೆ ಚಿಕ್ಕಮ್ಮನ ಮುತ್ತು. ದೇವರು ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ, ನಿನ್ನ ಮನೆಯ ಒಲೆ ಆರದಿರಲಿ.

ನಿನ್ನ ತಂಗಿ,
ಇರ್ಮಾ

ಮರೆತ ಮಾತು: ಮರೆತದ್ದಲ್ಲ. ಭಾವ ಸತ್ತ ದಿನ ಬೆಳಿಗ್ಗೆ ಏಳಕ್ಕೆ ಅಡ್ಡಮರ ಇಟ್ಟವಳು ನಾನು. ಪೊಲೀಸರು ಕೇಳಿದಾಗ ಹಾಗೇ ಹೇಳಿದೆ, ಅದು ನಿಜ. ಮಧ್ಯಾಹ್ನ ಒಂದಕ್ಕೆ ಸೇತುವೆ ನೋಡಲು ಹೋಗುವಾಗ ಅದನ್ನು ಪಕ್ಕದ ಮರಕ್ಕೆ ಒರಗಿಸಿ ದಾಟಿದವಳೂ ನಾನೇ. ಅದನ್ನು ಯಾರೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಇದೇ ದಾರಿಯಲ್ಲಿ ವಾಪಸ್ ಬರುತ್ತೇನಲ್ಲ ಎಂದು, ಅಪ್ಪ ಮಾಡುತ್ತಿದ್ದ ಹಾಗೆ ನೇರ ಮಾಡಿ ಇಡಲಿಲ್ಲ. ಸೇತುವೆಯಾಚೆಯಿಂದ ಟ್ರೌಡಿ ಕರೆದಳು. ಸೂಪು ಬಿಸಿಯಾಗಿತ್ತು, ಕೂತೆ. ಅರ್ಧ ಬಟ್ಟಲು ಉಳಿದಿರುವಾಗ ಬೆಟ್ಟದ ಸದ್ದು ಕೇಳಿಸಿತು. ಅಡ್ಡಮರ ಪಕ್ಕಕ್ಕೆ ಸರಿದಿದ್ದನ್ನು ನೋಡಿ ಊರವರೆಲ್ಲ, ಊರಿನವನಲ್ಲವೇ, ಅವನೇ ಸರಿಸಿರಬೇಕು ಎಂದರು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ.

ಭಾವ ಬಂದಾಗ ದಾರಿ ತೆರೆದೇ ಇತ್ತು, ಅಕ್ಕ. ಅವರು ಏನನ್ನೂ ಮುಟ್ಟಲಿಲ್ಲ. ಫೋಟೋ ಮತ್ತೆ ಗೋಡೆಗೆ ಹಾಕಲು ಲೇನಿಗೆ ಹೇಳು. ಕಾಗದಕ್ಕೆ ಸಹಿ ಹಾಕಬೇಡ.